ಮೂಗಿಲ್ಲದ ಕ್ಯಾಮೆರಾ

ನಮ್ಮ ಸೋದರತ್ತೆ ದೇವರಿಗಿಂತ ಒಂದು ಕೈ ಮೇಲು. ಗಾಬರಿಯಾಗಬೇಡಿ! ದೇವರು ಎಲ್ಲವನ್ನೂ ನೋಡುತ್ತಾನಂತೆ, ಆದರೆ ನೋಡಿಯೂ ಸುಮ್ಮನಿರುತ್ತಾನೆ. ಅತ್ತೆಗೆ ಆ ಸುಮ್ಮನಿರುವ ವಿದ್ಯೆಯೊಂದು ಬರುವುದಿಲ್ಲ.

ಅಕ್ಕೂರಿನಲ್ಲಿ ಅವಳದು ರೇಷ್ಮೆ ಹುಳು ಸಾಕಣೆ. ಹುಳುಮನೆಯ ಮಡಿ ಯಾವ ಗರ್ಭಗುಡಿಗೂ ಕಡಿಮೆಯಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ನೀರಿಗೆ ಕಾಲು ಅದ್ದಬೇಕು, ಕೈ ತೊಳೆಯಬೇಕು, ಸೆಂಟು ಕೂಡದು, ಬೀಡಿ ಹೊಗೆಯಂತೂ ಹುಳುವಿಗೆ ವಿಷ. ಅತ್ತೆ ಎಲ್ಲಿಗೆ ಹೋದರೂ ಜೀವವೆಲ್ಲ ಹುಳುಮನೆಯಲ್ಲೇ. ಅದಕ್ಕೇ ಚನ್ನಪಟ್ಟಣದಿಂದ ಒಂದು ಕ್ಯಾಮೆರಾ ತರಿಸಿ ಅಲ್ಲಿನ ಗೋಡೆಗೆ ಹಾಕಿಸಿದಳು. ಫೋನಿನ ಮೇಲೆ ಬೆರಳು ಸವರಿದರೆ ಅದು ತಲೆ ತಿರುಗಿಸುತ್ತದೆ. ಇಲ್ಲಿ ಮಾತಾಡಿದರೆ ಅಲ್ಲಿ ಕೇಳುತ್ತದೆ. ಬೈಯುವವರ ಕೈಗೆ ಇಂಥದ್ದನ್ನು ಕೊಡಬಹುದೇ?

ಮೊದಲು ಸಿಕ್ಕಿಬಿದ್ದವನು ನಾನು. ರಾಮನಗರದಿಂದ ಹೋಗಿದ್ದೆ. ಅತ್ತೆ ಯಾವುದೋ ಮದುವೆಗೆ ಕನಕಪುರಕ್ಕೆ ಹೋಗಿದ್ದಾಳೆಂದು ಮಾವ ಹೇಳಿದರು. ಆರಾಮಾಗಿ ಹುಳುಮನೆಯೊಳಗೆ ಕಾಲಿಟ್ಟೆ. ತಲೆಯ ಮೇಲೆ ಕಿರ್ರ್ ಎಂದಿತು.

“ಏನ್ಲಾ! ಕಾಲು ತೊಳ್ಕಂಡ್ಯೇನ್ಲಾ?”

ನಾನು ಬಾಗಿಲಾಚೆಗೆ ಹಾರಿದೆ! ಕನಕಪುರದ ಅತ್ತೆ ಅಕ್ಕೂರಿನ ಗೋಡೆಯೊಳಗೆ ಹೇಗೆ? ಅವಳ ಹಿಂದೆ ವಾಲಗ ಬೇರೆ ಕೇಳುತ್ತಿತ್ತು. ತಾಳಿ ಕಟ್ಟುವ ಹೊತ್ತಿನಲ್ಲಿ ಇಡೀ ಛತ್ರ ಅಕ್ಷತೆ ಹಿಡಿದಿದ್ದರೆ ನಮ್ಮತ್ತೆ ಫೋನು ಹಿಡಿದಿದ್ದಳು. ನನಗೆ ಬೈದು ಮುಗಿಸಿದ ಮೇಲೇ ಅಕ್ಷತೆ ಹಾಕಿದಳಂತೆ!

ಎದುರುಮನೆಯ ಅಕ್ಕನ ಪಾಡು ಇನ್ನೂ ಕಷ್ಟ. ಹುಳು ತಿಂದುಳಿದ ಸೊಪ್ಪಿನ ಕಡ್ಡಿಯನ್ನು ಮೇಕೆಗೆಂದು ಒಯ್ಯುವುದು ಅವಳ ದಿನದ ವಾಡಿಕೆ. ಒಂದು ದಿನ ಹಬ್ಬದ ಊದಿನಕಡ್ಡಿ ಘಮಲಿನ ಸೀರೆಯಲ್ಲೇ ಬಂದಳು. ಗೋಡೆ ಗುಡುಗಿತು. “ಪೂಜೆ ಸೀರೇಲೇ ಒಳಿಕ್ಕೆ ನುಗ್ಗೀಯಲ್ಲ, ಬುದ್ಧಿ ಐತಾ ನಿಂಗೆ? ನಡಿ ಆಚೆ!” ಆಕೆ ಮಂಕರಿಯನ್ನು ಅಲ್ಲೇ ಬಿಟ್ಟು ಓಡಿದವಳು ಬೀದಿಯಲ್ಲಿ ನಿಂತು, “ಮುಖ ಕೊಟ್ಟು ಬೈದಿದ್ರೆ ತಡ್ಕತಿದ್ದೆ. ಇನ್ನು ಈ ಮನೆ ಹೊಸಲು ತುಳಿಯಲ್ಲ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಊರಿನಲ್ಲಿ ಹೀಗೆ ಮುನಿಸಿಕೊಂಡವರು ಒಬ್ಬಿಬ್ಬರಲ್ಲ.

ಕ್ಯಾಮೆರಾ ಕಂಪನಿಯವರಿಗೆ ಇದೆಲ್ಲ ಎಲ್ಲಿ ಗೊತ್ತು? ಪಾಪ, ಒಬ್ಬ ಹುಡುಗಿ ಫೋನು ಮಾಡಿದಳು. “ಮೇಡಂ, ನಮ್ಮ ಕ್ಯಾಮೆರಾ ಅನುಭವ ಹೇಗಿದೆ? ಐದರಲ್ಲಿ ಎಷ್ಟು ಸ್ಟಾರ್ ಕೊಡ್ತೀರಾ?”

“ನೋಡವ್ವ, ಕಣ್ಣೈತೆ, ಕಿವಿ ಐತೆ, ಬಾಯೈತೆ. ಮೂಗೇ ಮಡಗಿಲ್ವಲ್ಲ ನೀವು! ನಮ್ಮೆಜಮಾನ್ರು ಬೀಡಿ ಸೇದಿ ಒಳಿಕ್ಕೆ ಬಂದ್ರೆ ನಂಗೆ ಗೊತ್ತಾಗೋದ್ಯಾಗೆ?”

ಆ ಕಡೆ ಅದನ್ನೂ ಟಕಟಕ ಟೈಪು ಮಾಡಿಕೊಂಡ ಸದ್ದು. ಕೊನೆಗೆ ಹುಡುಗಿ, “ಮೇಲಿನವರಿಗೆ ತಿಳಿಸ್ತೀನಿ ಮೇಡಂ” ಎಂದಳು. ಮಾವ ಮಾತ್ರ ಆವತ್ತಿನಿಂದ ಮೇಲಿನವರು ಮೂಗು ಕಳಿಸದಿರಲಿ ಎಂದು ದೇವರಿಗೆ ಕೈ ಮುಗಿಯುತ್ತಿದ್ದಾರೆ.

ಹೀಗಿರುವಾಗ ಅತ್ತೆ ಹಿಪ್ಪುನೇರಳೆ ತೋಟದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ರಾಮನಗರದ ಆಸ್ಪತ್ರೆಗೆ ಸೇರಿಸಿದೆವು. ನೋಡಿಕೊಳ್ಳಲು ನಾನು ಪಕ್ಕದಲ್ಲಿ ಕುಳಿತಿದ್ದೆ. ಬೆಳಿಗ್ಗೆ ಫೋನು ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಚೀರಿದಳು. ನರ್ಸಮ್ಮನ ಕೈಯಿಂದ ಟ್ರೇ ಬಿತ್ತು!

“ಹಣ್ಣಾಗೋದ್ವು ಕಣ್ಲಾ! ಹುಳ ತಲೆ ಎತ್ತವೆ!”

ಹಣ್ಣಾದ, ಎಂದರೆ ಮೇವು ಬಿಟ್ಟು ನೂಲು ಬಿಡಲು ಸಿದ್ಧವಾದ ಹುಳುವನ್ನು ಆವತ್ತೇ ಒಂದೊಂದಾಗಿ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಅಲ್ಲಿ ಅದು ಗೂಡು ಕಟ್ಟುತ್ತದೆ. ತಡವಾದರೆ ಸೊಪ್ಪಿನ ಮೇಲೇ ನೂಲು ಬಿಟ್ಟು ಇಡೀ ಬೆಳೆ ಹಾಳು. ಇದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಅದಕ್ಕೇ ಆ ದಿನ ಒಬ್ಬರ ಮನೆಗೆ ಒಬ್ಬರು ಮುಯ್ಯಾಳಾಗಿ ಹೋಗುತ್ತಾರೆ. ಇವತ್ತು ನಿನಗೆ, ನಾಳೆ ನನಗೆ. ಆದರೆ ಫೋನಿನಲ್ಲಿ ಕಾಣುತ್ತಿದ್ದುದು ಮಾವ ಒಬ್ಬರೇ.

“ಏನೂಂದ್ರೆ, ಯಾರ್ನಾದ್ರೂ ಕರೀರಿ!” ಎಂದಳು ಅತ್ತೆ.

ಮಾವ ತಲೆಯೆತ್ತಿ ಕ್ಯಾಮೆರಾ ನೋಡಿದರು. “ಯಾರ್ನ ಕರೀಲಿ? ನೀನು ಬೈಯ್ದೇ ಬುಟ್ಟಿರೋರು ಊರಲ್ಲಿ ಯಾರವ್ರೆ?”

ಅತ್ತೆಗೆ ಮಾತು ಹೊರಡಲಿಲ್ಲ. ನನ್ನ ಜನ್ಮದಲ್ಲಿ ನಾನು ಕಂಡ ಎಲ್ಲ ಆಘಾತಗಳಿಗಿಂತ ಇದು ದೊಡ್ಡದು. ಅವಳು ಫೋನನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ನನಗೆ ನಿಜವಾಗಿ ಭಯವಾಯಿತು.

ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಬಳೆ ಸದ್ದು ಕೇಳಿತು. ಗೋಡೆಯ ಕೂಗು ಬೀದಿಗೂ ಕೇಳಿತ್ತೇನೋ, ನೋಡಿದರೆ ಎದುರುಮನೆಯ ಅಕ್ಕ! ಹಿಂದೆ ಬೀದಿಯ ಹೆಂಗಸರು. ಸೆರಗು ಸಿಕ್ಕಿಸಿಕೊಂಡು ಕುಳಿತು ಹುಳು ಆರಿಸತೊಡಗಿದರು. ಆಮೇಲೆ ಆ ಅಕ್ಕ ಮೇಲೆ ನೋಡಿ, “ಅಕ್ಕಯ್ಯಾ, ಇಲ್ಲಿಂದು ನಾವು ನೋಡ್ಕತೀವಿ. ನೋವು ಒಸಿ ಕಮ್ಮಿ ಆಯ್ತಾ? ಏನಾರ ತಿಂದ್ಯಾ?” ಎಂದಳು.

ಅತ್ತೆಯ ಬೆರಳು ಫೋನಿನ ಮೇಲೆ ಸರಿಯಿತು. ಕ್ಯಾಮೆರಾ ತಿರುಗಿ ತಿರುಗಿ ಬರೀ ಸುಣ್ಣದ ಗೋಡೆ ಕಾಣುವಂತಾಯಿತು.

“ಯಾಕತ್ತೆ, ಆ ಕಡೆ ತಿರುಗಿಸಿದೆ?”

“ಸುಮ್ಕಿರ್ಲಾ,” ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಾನು ಅಳೋದು ಅವ್ಳಿಗೆ ಕಂಡ್ಬುಡ್ತದೆ.”

ಈ ಕ್ಯಾಮೆರಾದಲ್ಲಿ ನಾವು ಅವರಿಗೆ ಕಾಣುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಫೋನು ಇಸಿದುಕೊಂಡು, ಆ ಗೋಡೆಯನ್ನೇ ನೋಡುತ್ತ ನಾನೇ ಹೇಳಿದೆ. “ಇಡ್ಲಿ ತಿಂದ್ಲು ಕಣಕ್ಕ. ನೀನೆಂಗಿದ್ದೀಯಾಂತ ಕೇಳ್ತಾವ್ಳೆ.”