ಮರದ ಕೆಳಗಿನ ಜಾಗ

ಇಷ್ಟಕ್ಕೆಲ್ಲ ಕಾರಣ ಒಂದು ಖಾಲಿ ಚೌಕ.

ಮೆಥೋಡಿಸ್ಟ್ ಸಭೆಯ ಸ್ಮಶಾನಕ್ಕೆ ಒಂದು ಪುಸ್ತಕವಿದೆ. ಒಂದೊಂದು ಸಮಾಧಿಗೆ ಒಂದೊಂದು ಚೌಕ, ಚೌಕದೊಳಗೆ ಹೆಸರು. ಕೊನೆಯ ಸಾಲಿನಲ್ಲಿ ಎಂಟು ಹೆಸರುಗಳಿದ್ದು ಎರಡು ತುದಿಯಲ್ಲೂ ಒಂದೊಂದು ಚೌಕ ಖಾಲಿ ಇತ್ತು. ಒಂದು ನಲ್ಲಿಯ ಹತ್ತಿರದ್ದು, ಇನ್ನೊಂದು ಮರದ ಕೆಳಗಿನದು. ಮರದ ಕೆಳಗಿನ ಜಾಗ ನಿಮಿಷಪ್ಪನವರಿಗೆ, ಅವರ ಹೆಂಡತಿಯ ಪಕ್ಕದಲ್ಲಿ, ಎಂದು ಹಳೆಯ ಅಯ್ಯನವರು ಮಾತು ಕೊಟ್ಟಿದ್ದರು. ಆದರೆ ಬರೆದಿಟ್ಟಿರಲಿಲ್ಲ. ಮೆಥೋಡಿಸ್ಟ್ ಪಾದ್ರಿಗಳಿಗೆ ಒಂದೇ ಕಡೆ ಬೇರು ಬಿಡಲು ಅವಕಾಶವಿಲ್ಲ, ಕೆಲವು ವರ್ಷಕ್ಕೊಮ್ಮೆ ವರ್ಗ. ಹಳೆಯ ಅಯ್ಯನವರು ಹಾಸಿಗೆ, ಪಾತ್ರೆಗಳ ಜೊತೆ ಆ ಮಾತನ್ನೂ ಗಂಟು ಕಟ್ಟಿಕೊಂಡು ಹೋಗಿಬಿಟ್ಟರು. ಹೊಸಬರು ಬಂದು ಮೂರು ತಿಂಗಳಾಗಿತ್ತು.

ನಿಮಿಷಪ್ಪ ಎಂಬುದು ಸಭೆಯವರಿಟ್ಟ ಹೆಸರು. ಗಡಿಯಾರ ರಿಪೇರಿ ಅವರ ಕಸುಬು. ಆರಾಧನೆ ಎರಡು ನಿಮಿಷ ತಡವಾದರೂ ಮುಂದಿನ ಬೆಂಚಿನಲ್ಲಿ ಕೂತು ಕೈಗಡಿಯಾರ ನೋಡಿ ನೋಡಿ ಅಯ್ಯನವರ ಬಾಯಿ ಒಣಗಿಸುವವರು. ಅಚ್ಚುಕಟ್ಟು ಬೇಕಾದ ಕೆಲಸವನ್ನೆಲ್ಲ ಸಭೆ ಅವರ ತಲೆಗೇ ಕಟ್ಟುತ್ತಿತ್ತು. ಸ್ಮಶಾನ ಸಮಿತಿಯ ಅಧ್ಯಕ್ಷರೂ ಅವರೇ.

ಎಂಟು ವರ್ಷದ ಹಿಂದೆ ಊರಿಗೆ ಕೆಟ್ಟ ಜ್ವರ ಬಂದು ಸಭೆಯ ಎಂಟು ಮಂದಿಯನ್ನು ಕರೆದುಕೊಂಡು ಹೋಯಿತು. ಅವರಲ್ಲಿ ನಿಮಿಷಪ್ಪನವರ ಹೆಂಡತಿ ಒಬ್ಬರು. ಅವತ್ತು ಸ್ಮಶಾನದಲ್ಲಿ ಯಾರು ಏನು ಹೇಳಿದರು, ಯಾವ ಕಡೆ ನಿಂತಿದ್ದೆ, ಒಂದೂ ಅವರಿಗೆ ನೆನಪಿಲ್ಲ. ತಗ್ಗಿಸಿದ ತಲೆ ಎತ್ತಿರಲಿಲ್ಲ. ಕೆಸರಲ್ಲಿ ಹೂತ ತಮ್ಮ ಶೂ ಒಂದು ಮಾತ್ರ ಕಣ್ಣಿಗೆ ಕಟ್ಟಿತ್ತು. ಆಮೇಲೆ ಒಂದು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಕೊನೆಗೆ ಸಭೆಯ ಸೇವಾ ದಿನ ಬಂತು, ಸ್ಮಶಾನ ಶುಚಿ ಮಾಡುವ ಕಾರ್ಯಕ್ರಮ. ಅಧ್ಯಕ್ಷರು ಹೋಗದೆ ವಿಧಿಯಿಲ್ಲ. ಆ ಸಾಲಿನ ಎಂಟು ಮರದ ಶಿಲುಬೆಗಳನ್ನು ಕಿತ್ತು, ಹಿಂಬದಿಗೆ ಸೀಮೆಸುಣ್ಣದಲ್ಲಿ ಒಂದರಿಂದ ಎಂಟು ಬರೆದು, ಹೆಸರು ಬಿಟ್ಟು ಮುಂಭಾಗಕ್ಕೆಲ್ಲ ಬಿಳಿ ಬಣ್ಣ ಹೊಡೆಸಿ, ಸಂಜೆ ಅದೇ ಸಂಖ್ಯೆಯ ಪ್ರಕಾರ ನೆಟ್ಟರು. ಅದನ್ನು ನೋಡಿಕೊಂಡೇ ಪುಸ್ತಕವನ್ನೂ ಹೊಸದಾಗಿ ಬರೆದರು. ಬದುಕಿರುವಾಗಲೇ ತಮ್ಮ ಹೆಸರನ್ನು ಅಲ್ಲಿ ಬರೆದುಕೊಳ್ಳಲು ಕೈ ಬರಲಿಲ್ಲ, ಪಾಪ. ಅದಾದ ಮೇಲೆ ಪ್ರತಿ ಭಾನುವಾರ ಆರಾಧನೆ ಮುಗಿದು ಹತ್ತು ನಿಮಿಷಕ್ಕೆ ಸರಿಯಾಗಿ ಮರದ ಕೆಳಗೆ ಹೋಗಿ ಕೂತು, ವಾರದ ಸುದ್ದಿಯನ್ನೆಲ್ಲ ಹೆಂಡತಿಗೆ ಹೇಳಿ ಬರುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲಿಗೆ ಸ್ತ್ರೀ ಸಂಘದ ಕಾರ್ಯದರ್ಶಮ್ಮ ಬಂದು ನಿಂತರು. ಕೈಯಲ್ಲಿ ಪಟ್ಟಿ. ಗುರುವಾರದ ಊಟ ಬಡಿಸುವುದು, ರೋಗಿಗಳ ಭೇಟಿ, ಹಳೆ ಬಟ್ಟೆ ಹಂಚುವುದು, ಎಲ್ಲಕ್ಕೂ ಆಯಮ್ಮನ ಬಳಿ ಪಟ್ಟಿಯಿದೆ. ಇದು ದುಃಖದ ಮನೆಯ ಸೇವೆಯ ಪಟ್ಟಿ.

"ಕಹಳೆಯಣ್ಣ ಹೋಗ್ಬಿಟ್ರು, ನಿಮಿಷಪ್ಪನೋರೇ. ಮಲಗಿದ್ದೋರು ಏಳಲೇ ಇಲ್ಲ."

"ಪಾಪ," ಎಂದರು ನಿಮಿಷಪ್ಪ. ಮನಸ್ಸಿನಿಂದಲೇ ಅಂದರು. ಕಹಳೆಯಣ್ಣ ಗಾಯನ ಮಂಡಳಿಯ ಮುಖ್ಯಸ್ಥ, ಒಂಟಿ ಮನುಷ್ಯ, ಅಕ್ಕನ ಮನೆಯಲ್ಲಿದ್ದವರು. ಒಳ್ಳೆಯವರೇ. ಆದರೆ ಆ ಗಂಟಲಿಗೆ ತಾಳ, ಶ್ರುತಿ ಎರಡರ ಪರಿಚಯವೂ ಇರಲಿಲ್ಲ.

"ನಿಮ್ಮ ಪಾಲಿಗೆ ಇಪ್ಪತ್ತು ಕುರ್ಚಿ. ನಾಲ್ಕು ಗಂಟೆಗೆ ಮಣ್ಣು. ಜಾಗ ಮಾತ್ರ ಒಳ್ಳೇದು ಸಿಕ್ತು ನೋಡಿ, ಮರದ ಕೆಳಗೆ, ನಿಮ್ಮ ಮನೆಯವ್ರ ಪಕ್ಕದಲ್ಲೇ. ಮೂವತ್ತು ವರ್ಷ ಅಕ್ಕಪಕ್ಕ ನಿಂತು ಹಾಡಿದೋರು, ಇನ್ಮೇಲೂ ಅಕ್ಕಪಕ್ಕನೇ ಇರ್ತಾರೆ."

ನಿಮಿಷಪ್ಪನವರ ಚಿಮುಟದಲ್ಲಿದ್ದ ಸಣ್ಣ ಸ್ಪ್ರಿಂಗು ಹಾರಿ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ.

ಹೆಂಡತಿ ಆಸ್ಪತ್ರೆಯ ಹಾಸಿಗೆಯಲ್ಲಿ ಕೊನೆಯದಾಗಿ ಕೇಳಿದ್ದು ಒಂದೇ. "ಮೂವತ್ತು ವರ್ಷ ಆ ಮನುಷ್ಯನ ಪಕ್ಕ ನಿಂತಿದ್ದೀನಿ ರೀ. ಎಡಗಿವಿ ಅರ್ಧ ಹೋಗಿದೆ. ಅಲ್ಲಾದ್ರೂ ನನಗೆ ನೆಮ್ಮದಿ ಬೇಕು. ಅವರನ್ನ ಪಕ್ಕದಲ್ಲಿ ಹಾಕ್ಬೇಡಿ. ನೀವೇ ಬನ್ನಿ. ನೀವು ಗೊರಕೆ ಹೊಡೆದ್ರೂ ತಾಳ ತಪ್ಪಲ್ಲ." ಆಯಿತು ಎಂದು ಕೈ ಹಿಡಿದು ಮಾತು ಕೊಟ್ಟಿದ್ದರು. ಬದುಕಿನಲ್ಲಿ ಆ ಹೆಂಗಸು ಗಂಡನನ್ನು ಬೇಡಿದ್ದೇ ಕಡಿಮೆ.

ಅಂಗಡಿಗೆ ಬೀಗ ಜಡಿದು ನಿಮಿಷಪ್ಪ ಅಯ್ಯನವರ ಮನೆಗೆ ಓಡಿದರು.

ಹೊಸ ಅಯ್ಯನವರು ಚಿಕ್ಕ ವಯಸ್ಸಿನವರು, ಮೆತ್ತಗಿನ ಮನುಷ್ಯ. ಪುಸ್ತಕ ತೆರೆದು ತೋರಿಸಿದರು. "ಇಲ್ಲಿ ಖಾಲಿ ಇದೆಯಲ್ಲ. ನಿಮ್ಮದೇ ಕೈಬರಹ ಅಂತೆ."

"ಹಳೆ ಅಯ್ಯನವರು ಮಾತು ಕೊಟ್ಟಿದ್ರು ನನಗೆ."

"ಫೋನ್ ಮಾಡಿ ಕೇಳೋಣ ಅಂದ್ರೆ ಅವರಿಗೆ ಈಗ ಮರೆವು. ಮೊನ್ನೆ ನನ್ನನ್ನೇ ಯಾರು ಅಂದ್ರು. ಅಣ್ಣ, ಹೋದೋರಿಗೆ ಯಾವ ಜಾಗ ಆದ್ರೇನು? ನೀವು ನಲ್ಲಿ ಹತ್ತಿರದ್ದು ಇಟ್ಕೊಳ್ಳಿ."

"ಅದು ಸಾಲಿನ ಆ ತುದಿ. ನಡುವೆ ಏಳು ಜನ ಇದ್ದಾರೆ."

"ಎಲ್ಲಾ ನಮ್ಮ ಸಭೆಯವರೇ ಅಲ್ವಾ," ಎಂದರು ಅಯ್ಯನವರು. "ನೋಡಿ, ಅವರ ಅಕ್ಕ ಒಪ್ಪಿದ್ರೆ ನನ್ನದೇನೂ ಇಲ್ಲ."

ಇಪ್ಪತ್ತು ಕುರ್ಚಿ ಹೇರಿಸಿಕೊಂಡು ನಿಮಿಷಪ್ಪ ಸಾವಿನ ಮನೆಗೆ ಹೋದರು. ನಡುಮನೆಯಲ್ಲಿ ಪೆಟ್ಟಿಗೆ, ಸುತ್ತ ಸ್ತ್ರೀ ಸಂಘ, ಅಡುಗೆಮನೆಯಲ್ಲಿ ಚಹಾ. ಪೆಟ್ಟಿಗೆಯ ತಲೆಯ ಕಡೆ ಅಕ್ಕ ಕೂತಿದ್ದರು, ಎಪ್ಪತ್ತು ದಾಟಿದ ಒಣಕಲು ದೇಹ. ಸತ್ತವರ ಶ್ರುತಿಯ ವಿಷಯವನ್ನು ಅವರ ಪೆಟ್ಟಿಗೆಯ ಮುಂದೆಯೇ ಎತ್ತುವುದು ಹೇಗೆ? ನಿಮಿಷಪ್ಪ ಸುತ್ತಿ ಬಳಸಿ ಶುರುಮಾಡಿದರು.

"ಅಕ್ಕಾ, ಮರದ ಕೆಳಗೆ ನೆಲ ಬಹಳ ಗಟ್ಟಿ."

"ಇರ್ಲಿ ಬಿಡಪ್ಪ, ತೋಡೋರಿದ್ದಾರೆ."

"ಎಲೆ ಉದುರುತ್ತೆ. ಹಕ್ಕಿಗಳು ಬೇರೆ ಗಲೀಜು ಮಾಡ್ತವೆ."

"ಅವನಿಗೆ ಹಕ್ಕಿ ಅಂದ್ರೆ ಪ್ರಾಣ."

"ನಲ್ಲಿ ಹತ್ತಿರ ಆದ್ರೆ ಹೂಗಿಡಕ್ಕೆ ನೀರು ಹಾಕೋಕೆ ನಿಮಗೆ ಸುಲಭ."

ಅಕ್ಕ ತಲೆಯೆತ್ತಿ ನೋಡಿದರು. "ನನ್ನ ತಮ್ಮನಿಗೆ ನೆರಳು ಕೊಡೋಕೂ ಹೊಟ್ಟೆ ಉರಿಯೇನಪ್ಪ ನಿನಗೆ?"

ಕಾರ್ಯದರ್ಶಮ್ಮನ ಕಣ್ಣಿನಲ್ಲಿ ಏನೋ ಹೊಳೆಯಿತು. ಮೂವತ್ತು ವರ್ಷ, ಅಕ್ಕಪಕ್ಕ, ಮದುವೆಯಾಗದ ಗಂಡಸು. ಆಯಮ್ಮ ಪಕ್ಕದವರ ಕಿವಿಗೆ ಬಾಗಿದರು, ಅವರು ಅವರ ಪಕ್ಕದವರ ಕಿವಿಗೆ. ಚಹಾ ಅಡುಗೆಮನೆಯಿಂದ ನಡುಮನೆಗೆ ಬರುವಷ್ಟರಲ್ಲಿ ಸುದ್ದಿ ನಡುಮನೆಯಿಂದ ಅಡುಗೆಮನೆಗೆ ಹೋಗಿ ವಾಪಸ್ಸೂ ಬಂದಿತ್ತು. ಯಾರೋ ಬಂದು ನಿಮಿಷಪ್ಪನವರ ಭುಜ ತಟ್ಟಿ, "ಇಷ್ಟು ವರ್ಷ ಒಳಗೊಳಗೇ ನುಂಗಿಕೊಂಡಿದ್ರಲ್ಲ," ಎಂದರು.

ಅಷ್ಟರಲ್ಲಿ ಅಯ್ಯನವರು ಬಂದರು. ಕಾರ್ಯದರ್ಶಮ್ಮ ಅವರನ್ನು ಹೊಸಿಲಲ್ಲೇ ಹಿಡಿದರು. ಐದು ನಿಮಿಷದ ನಂತರ ಅಯ್ಯನವರು ನಿಮಿಷಪ್ಪನವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, "ನನಗೆ ಅರ್ಥ ಆಯ್ತು ಅಣ್ಣ. ಬೆಳಿಗ್ಗೆಯೇ ಹೇಳ್ಬಾರ್ದಿತ್ತಾ? ಇಂಥ ನೋವು ಇದ್ರೆ ಜಾಗ ಬದಲಾಯಿಸೋಣ," ಎಂದರು.

ಇಲ್ಲ, ಅಂಥದ್ದು ಏನೂ ಇರಲಿಲ್ಲ, ನನ್ನ ಹೆಂಡತಿ ಚಿನ್ನದಂಥವಳು ಎನ್ನಲು ನಿಮಿಷಪ್ಪ ಬಾಯಿ ತೆರೆದರು. ತೆರೆದ ಬಾಯಿ ಹಾಗೇ ನಿಂತಿತು. ಹೇಳಿದರೆ ಜಾಗ ಹೋಗುತ್ತದೆ. ಹೇಳದಿದ್ದರೆ ಹೆಂಡತಿಯ ಮರ್ಯಾದೆ ಹೋಗುತ್ತದೆ. ಅವಳು ಕೇಳಿದ್ದು ಮರ್ಯಾದೆಯನ್ನಲ್ಲ, ನೆಮ್ಮದಿಯನ್ನು. ಬಾಯಿ ಮುಚ್ಚಿಕೊಂಡು ತಲೆಯಾಡಿಸಿದರು. ಆ ತಲೆಯಾಡಿಸಿದ್ದಕ್ಕೆ ಅವರಿಗೆ ಅಲ್ಲೇ ಅಳು ಬಂತು. ಅದನ್ನು ಕಿಟಕಿಯಿಂದ ನೋಡಿದ ಸ್ತ್ರೀ ಸಂಘಕ್ಕೆ ಉಳಿದಿದ್ದ ಅನುಮಾನವೂ ಹೋಯಿತು.

ಅಕ್ಕ ಒಂದೇ ಮಾತು ಹೇಳಿದರು. "ನನ್ನ ತಮ್ಮ ಅಂಥವನಲ್ಲ. ಆದ್ರೆ ನೀನು ಹಾಗೆ ಅಂದ್ಕೊಂಡಿದ್ರೆ, ನಿನ್ನ ಹೆಂಡತಿ ಪಕ್ಕದ ಜಾಗ ಅವನಿಗೂ ಬೇಡ."

ನಿಮಿಷಪ್ಪ ಸ್ಮಶಾನ ತಲುಪಿದಾಗ ಹನ್ನೆರಡೂ ಹತ್ತು. ಗುಂಡಿ ತೋಡುವ ಹಾರೆಯಜ್ಜ ಮರದ ಕೆಳಗೆ ಸೊಂಟದಾಳದಲ್ಲಿ ನಿಂತು ಉಸಿರು ಬಿಡುತ್ತಿದ್ದ.

"ನೆಲ ಅಲ್ಲ ಸರ್, ಕಬ್ಬಿಣ. ತೊಟ್ಟು ನೀರಿಲ್ಲ ಈ ಕಡೆ."

"ನಿಲ್ಸು ಅಜ್ಜ. ಇದನ್ನ ಮುಚ್ಚು. ಆ ತುದೀಲಿ ತೋಡು, ನಲ್ಲಿ ಹತ್ತಿರ."

ಅಜ್ಜ ಹಾರೆ ಊರಿಕೊಂಡು ಅವರನ್ನು ಬಹಳ ಹೊತ್ತು ನೋಡಿದ. "ಅಲ್ಲಿಗಾ? ಆ ಹಾಡೋ ಅಣ್ಣನ್ನಾ? ಯೋಚ್ನೆ ಮಾಡಿ ಹೇಳ್ತಿದ್ದೀರಾ ಸರ್?"

"ಎಂಟು ವರ್ಷದಿಂದ ಯೋಚ್ನೆ ಮಾಡಿದ್ದೀನಿ. ನಡಿ."

"ದೊಡ್ಡ ಮನಸ್ಸು ಬಿಡಿ ನಿಮ್ದು," ಎಂದ ಅಜ್ಜ, ಗುಂಡಿಯಿಂದ ಮೇಲೆ ಹತ್ತುತ್ತಾ. ಮುದುಕನಿಗೆ ಬಿಸಿಲು ನೆತ್ತಿಗೇರಿದೆ ಎಂದುಕೊಂಡರು ನಿಮಿಷಪ್ಪ.

ನಾಲ್ಕು ಗಂಟೆಯೊಳಗೆ ಒಂದು ಗುಂಡಿ ಮುಚ್ಚಿ ಇನ್ನೊಂದು ತೋಡುವುದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ನಿಮಿಷಪ್ಪ ಕೋಟು ಬಿಚ್ಚಿ ನಲ್ಲಿ ಕಡೆಯ ಕೊನೆಯ ಶಿಲುಬೆಗೆ ನೇತುಹಾಕಿ ತಾವೇ ಗುದ್ದಲಿ ಹಿಡಿದರು. ಅವರ ಕೈ ಅವತ್ತಿನವರೆಗೆ ಹಿಡಿದ ಅತಿ ಭಾರದ ಸಾಮಾನು ಗೋಡೆ ಗಡಿಯಾರ. ನಲ್ಲಿಯ ಕಡೆ ನೆಲ ಮೆತ್ತಗಿತ್ತು, ಬರೀ ಕೆಸರು. ಮೂರೂ ಮುಕ್ಕಾಲಿಗೆ ಗುಂಡಿ ಮುಗಿಯಿತು, ಅವರ ಬೆನ್ನೂ ಮುಗಿಯಿತು.

ಅಂತ್ಯಕ್ರಿಯೆ ಸರಿಯಾಗಿ ನಾಲ್ಕಕ್ಕೆ ನಡೆಯಿತು. ಕಹಳೆಯಣ್ಣನಿಲ್ಲದ ಗಾಯನ ಮಂಡಳಿ ಮೊಟ್ಟಮೊದಲ ಸಲ ಶ್ರುತಿಯಲ್ಲಿ ಹಾಡಿತು, ಅದಕ್ಕೇ ಎಲ್ಲರಿಗೂ ಅಳು ಇನ್ನಷ್ಟು ಬಂತು. ಮುಗಿದ ಮೇಲೆ ಅಯ್ಯನವರು ಪುಸ್ತಕ ತಂದು, ಮರದ ಕೆಳಗಿನ ಚೌಕದಲ್ಲಿ ನಿಮಿಷಪ್ಪನವರ ಹೆಸರನ್ನು ಅವರ ಕಣ್ಣೆದುರೇ ಶಾಯಿಯಲ್ಲಿ ಬರೆದರು. "ಇನ್ನು ಯಾವ ಅಯ್ಯನವರು ಬಂದ್ರೂ ಬದಲಾಯಿಸೋ ಹಾಗಿಲ್ಲ," ಎಂದು ಸಹಿಯನ್ನೂ ಹಾಕಿದರು.

ಜನ ಗೇಟಿನ ಕಡೆ ನಡೆದರು. ನಿಮಿಷಪ್ಪ ನಲ್ಲಿಯಲ್ಲಿ ಕೈಮುಖ ತೊಳೆಯುತ್ತಿದ್ದರು. ಹಾರೆಯಜ್ಜ ಪಕ್ಕಕ್ಕೆ ಬಂದು ನಿಂತ.

"ಒಂದು ಮಾತು ಸರ್. ಸ್ವಂತ ಹೆಂಡತಿ ಪಕ್ಕದ ಜಾಗನ ಇನ್ನೊಬ್ಬರಿಗೆ ಬಿಟ್ಟುಕೊಡೋದು ಎಲ್ಲರ ಕೈಲಾಗೋ ಕೆಲಸ ಅಲ್ಲ."

"ನಾನೆಲ್ಲಿ ಬಿಟ್ಟುಕೊಟ್ಟೆ? ಬಿಡಬಾರ್ದು ಅಂತಾನೇ ಇಲ್ಲಿ ತೋಡಿಸಿದ್ದು. ನನ್ನ ಹೆಂಡತಿ ಇರೋದು ಮರದ ಕೆಳಗೆ."

"ಮರದ ಕೆಳಗಾ? ಅಲ್ಲಿರೋದು ಶಾಲೆಯ ಡ್ರಿಲ್ ಮೇಷ್ಟ್ರು. ಅಮ್ಮಾವ್ರು ಇಲ್ಲೇ ಇದ್ದಾರೆ, ಈ ಹೊಸ ಮಣ್ಣಿನ ಪಕ್ಕ. ಅವತ್ತು ನಲ್ಲಿ ಸೋರಿ ಕೆಸರಾಗಿತ್ತು. ನಿಮ್ಮ ಶೂ ಹೂತ್ಕೊಂಡು, ನಾನೇ ಅಲ್ವಾ ಎಳೆದು ತೆಗೆದಿದ್ದು?"

ನಿಮಿಷಪ್ಪ ಕೆಳಗೆ ನೋಡಿದರು. ಶೂ ಕೆಸರಲ್ಲಿ ಹೂತಿತ್ತು.

"ಶಿಲುಬೆ ಮೇಲೆ ಹೆಸರು ಬರೆದಿದೆಯಲ್ಲ ಅಜ್ಜ," ಎಂದರು.

"ಹೆಸರು ಓದೋರಿಗೆ ಸರ್. ನನಗೆ ಅಕ್ಷರ ಬರಲ್ಲ. ನನಗೆ ನಾನು ತೋಡಿದ ನೆಲ ಗೊತ್ತು."

ಸೇವಾ ದಿನ ಅಜ್ಜ ಬೆನ್ನು ನೋವೆಂದು ಬಂದಿರಲಿಲ್ಲ. ನಿಮಿಷಪ್ಪನವರ ತಲೆಯೊಳಗೆ ಆ ದಿನ ಗಡಿಯಾರದ ಚಕ್ರದಂತೆ ಒಂದೊಂದೇ ಹಲ್ಲು ತಿರುಗಿತು. ಬೆಳಿಗ್ಗೆ ಶಿಲುಬೆ ಕೀಳಲು ಶುರುಮಾಡಿದ್ದು ನಲ್ಲಿಯ ತುದಿಯಿಂದ, ಒಂದು, ಎರಡು, ಮೂರು. ಮಧ್ಯಾಹ್ನ ಬಣ್ಣ ಒಣಗಲಿ ಎಂದು ಅವನ್ನೆಲ್ಲ ಮರದ ಕೆಳಗೆ ಒಯ್ದದ್ದು. ಸಂಜೆ ಮರದ ತುದಿಯಿಂದಲೇ ನೆಡಲು ಶುರುಮಾಡಿದ್ದು, ಒಂದು, ಎರಡು, ಮೂರು. ಒಂದು ಸಂಖ್ಯೆಯೂ ತಪ್ಪಿರಲಿಲ್ಲ. ಇಡೀ ಸಾಲೇ ತಿರುಗಿತ್ತು. ನಡುವಿನ ಇಬ್ಬರಿಗೆ ಪಕ್ಕದ ಮನೆಗೆ ಹೋದಷ್ಟು ವ್ಯತ್ಯಾಸ. ತುದಿಯವರಿಗೆ ಊರೇ ಬದಲು.

"ಹಾಗಾದ್ರೆ ಎಂಟು ವರ್ಷದಿಂದ ನಾನು ಅಲ್ಲಿ ಕೂತು ಮಾತಾಡ್ತಿದ್ದಿದ್ದು?"

"ಮೇಷ್ಟ್ರ ಮೇಲೆ ನಿಮಗೆ ಅಷ್ಟು ಅಭಿಮಾನ ಅಂದ್ಕೊಂಡಿದ್ದೆ," ಎಂದ ಅಜ್ಜ. "ಅಂಥ ಶಿಷ್ಯರು ಈಗೆಲ್ಲಿ?" ಹಾರೆ ಹೆಗಲಿಗೇರಿಸಿ ಹೊರಟುಹೋದ.

ನಿಮಿಷಪ್ಪ ಅಲ್ಲೇ ನಿಂತರು. ಒಂದು ಕಡೆ ಕಹಳೆಯಣ್ಣ, ಇನ್ನೊಂದು ಕಡೆ ಯಾರದೋ ಸಮಾಧಿ, ನಡುವೆ ಅವಳು. ಅವಳ ತಲೆಯ ಬಳಿ ಡ್ರಿಲ್ ಮೇಷ್ಟ್ರ ಶಿಲುಬೆ, ಅದರ ಮೇಲೆ ತಮ್ಮದೇ ಕೋಟು. ಹೇಳಿಬಿಡಬೇಕು ಎನಿಸಿತು. ಹೇಳಿದರೆ ಎಂಟು ಮನೆಯವರು ಎಂಟು ವರ್ಷ ತಪ್ಪು ಮಣ್ಣಿನ ಮೇಲೆ ಅತ್ತಿದ್ದನ್ನು ಹೇಳಬೇಕು. ಅತ್ತ ಮರದ ಹತ್ತಿರ ಕಾರ್ಯದರ್ಶಮ್ಮ ಅದೇ ಜ್ವರದಲ್ಲಿ ಹೋದ ಗಂಡನ ಶಿಲುಬೆಯ ಬುಡಕ್ಕೆ ಹೂವಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದರು. ಪಾಪ, ಯಾರ ಗಂಡನೋ.

ಆಯಮ್ಮ ಎದ್ದು ಇತ್ತಲೇ ಬಂದರು. ನಿಮಿಷಪ್ಪ, "ಅಮ್ಮಾ, ಒಂದು ವಿಷಯ," ಎಂದರು.

"ಬೇಡ ಬಿಡಿ, ಎಲ್ಲಾ ಮುಗೀತಲ್ಲ. ಅವರನ್ನ ನಿಮ್ಮ ಮನೆಯವ್ರಿಂದ ಆದಷ್ಟು ದೂರಕ್ಕೆ ಹಾಕಿದ್ದಾಯ್ತು. ಇನ್ನು ಮನಸ್ಸಲ್ಲಿ ಏನೂ ಇಟ್ಕೋಬೇಡಿ," ಎಂದು ಅವರು ಪಟ್ಟಿ ತೆರೆದರು. "ಕಹಳೆಯಣ್ಣನ ನೆನಪಿಗೆ ಒಂದು ಹೊಸ ಸೇವೆ ಶುರುಮಾಡ್ತಿದ್ದೀವಿ. ಅವರು ಹಾಡಿದ್ದನ್ನೆಲ್ಲ ಅಕ್ಕ ರೆಕಾರ್ಡ್ ಮಾಡಿ ಇಟ್ಕೊಂಡಿದ್ದಾರೆ. ಇನ್ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಇಲ್ಲೇ, ಅವರ ಸಮಾಧಿ ಹತ್ತಿರ ದೊಡ್ಡ ಸ್ಪೀಕರ್ ಇಟ್ಟು ಹಾಕ್ತೀವಿ. ನಿಮಗೆ ಮರದ ಹತ್ತಿರಕ್ಕೆ ಅಷ್ಟಾಗಿ ಕೇಳಿಸಲ್ಲ, ಯೋಚ್ನೆ ಮಾಡ್ಬೇಡಿ."

ನಿಮಿಷಪ್ಪ ಕೈಗಡಿಯಾರ ನೋಡಿದರು. ಅದರೊಳಗೆ ಕೆಸರು ಹೋಗಿ ಮುಳ್ಳು ನಿಂತಿತ್ತು.

"ಎಷ್ಟು ನಿಮಿಷ?" ಎಂದು ಕೇಳಿದರು.

"ನಿಮಿಷ ಎಲ್ಲಿ ಬಂತು? ಒಂದೂವರೆ ಗಂಟೆ," ಎಂದರು ಕಾರ್ಯದರ್ಶಮ್ಮ. "ಸ್ಪೀಕರ್ ಹೊರೋದು ನಿಮ್ಮ ಪಾಲಿಗೆ ಬರೆದಿದ್ದೀನಿ."