ನಿಂತರೆ ಮಾತ್ರ ಇಂಗ್ಲಿಷ್

ನಮ್ಮ ಮಾವನಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬರುತ್ತದೆ ಎಂದರೂ ನಂಬಬೇಡಿ! ನಿಂತಾಗ ಬರುತ್ತದೆ, ಕೂತಾಗ ಬರುವುದಿಲ್ಲ. ಇಷ್ಟೇ ವಿಷಯ.

ಅಮ್ಮನ ಅಣ್ಣನಾದ ಈ ಮಹಾನುಭಾವನದು ಭಟ್ಕಳದಲ್ಲಿ ಬಟ್ಟೆ ಅಂಗಡಿ. ಮನೆಯಲ್ಲಿ ಕನ್ನಡ. ಅಂಗಡಿಯ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತನೆಂದರೆ ಒಬ್ಬರ ಹತ್ತಿರ ಕೊಂಕಣಿ, ಇನ್ನೊಬ್ಬರ ಹತ್ತಿರ ನವಾಯತಿ, ದರ್ಜಿಯ ಹತ್ತಿರ ಉರ್ದು, ಎಲ್ಲವೂ ಸಲೀಸು. ಇಂಗ್ಲಿಷಿಗೆ ಮಾತ್ರ ಏಳಲೇಬೇಕು! ಶಾಲೆಯಲ್ಲಿ ಮಾಸ್ತರರು ಎಬ್ಬಿಸಿ ನಿಲ್ಲಿಸಿ ಇಂಗ್ಲಿಷ್ ಪ್ರಶ್ನೆ ಕೇಳುತ್ತಿದ್ದರಂತೆ. ಸರಿಯಾಗಿ ಹೇಳಿದವರು ಕೂರಬಹುದು. ಮಾವ ಕೂತದ್ದು ಕಡಿಮೆ. ಕಲಿತಷ್ಟು ಇಂಗ್ಲಿಷೂ ಕಾಲಿನಲ್ಲೇ ಉಳಿದುಬಿಟ್ಟಿತು ಎಂಬುದು ಅತ್ತೆಯ ವಾದ.

ಒಮ್ಮೆ ಹೊಳನಗದ್ದೆಯ ನಮ್ಮ ಮನೆಗೆ ಬರಲು ಹೊನ್ನಾವರದಲ್ಲಿ ಕುಮಟಾ ಬಸ್ಸು ಹತ್ತಿದ. ಪುಣ್ಯಕ್ಕೆ ಸೀಟೂ ಸಿಕ್ಕಿತು. ಪಕ್ಕದಲ್ಲಿ ನಿಂತಿದ್ದ ವಿದೇಶಿ ಹುಡುಗಿ ಗೋಕರ್ಣಕ್ಕೆ ಹೇಗೆ ಹೋಗುವುದೆಂದು ಕೇಳಿದಳು. ಮಾವ ಎದ್ದ! ದಾರಿಯೇನು, ಸ್ಥಳಪುರಾಣವನ್ನೇ ಹೇಳಿದ. ಸೀಟು ಬಿಟ್ಟುಕೊಟ್ಟನೆಂದು ತಿಳಿದ ಹುಡುಗಿ ಥ್ಯಾಂಕ್ಯೂ ಎಂದು ಕೂತೇಬಿಟ್ಟಳು! ಕುಮಟಾ ಮುಟ್ಟುವ ತನಕ ಮಾವ ನಿಂತೇ ಬಂದ.

"ಎಂತ ಮಾವ, ಏಳು ಅನ್ಲಿಲ್ವಾ?" ಎಂದೆ.

"ಅನ್ನೂಕೆ ಇಂಗ್ಲಿಷ್ ಇತ್ತು ಮಾರಾಯ, ನಾಚ್ಕೆ ಬಂತು!"

ಮಾವನ ಮನೆಗೆ ಫೋನು ಬಂದ ಹೊಸತು. ಊಟದ ನಡುವೆ ಮುಂಬಯಿಯಿಂದ ಒಂದು ರಾಂಗ್ ನಂಬರು. ಆಚೆಯಿಂದ ಇಂಗ್ಲಿಷ್ ಕೇಳಿದ್ದೇ ತಡ, ಒಂದು ಕೈಯಲ್ಲಿ ರಿಸೀವರು, ಇನ್ನೊಂದರಲ್ಲಿ ಬಂಗಡೆ ಮೀನು, ಮಾವ ನೆಟ್ಟಗೆ ನಿಂತ!

"ಅವ್ರಿಗೆ ಕಾಣೂದಿಲ್ಲ, ಕೂತ್ಕಳಿ," ಎಂದಳು ಅತ್ತೆ.

ಮಾವ ಬಂಗಡೆಯ ಕೈಯಿಂದಲೇ ರಿಸೀವರಿನ ಬಾಯಿ ಮುಚ್ಚಿ, "ಕೂತ್ರೆ ಎಂತ ಮಾತಾಡೂದು?" ಎಂದು ಗದರಿದ.

ಮಾವ ಮಗಳನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸುವಾಗ ಮಾತ್ರ ನಮಗೆಲ್ಲ ಗಾಬರಿ. ಅವಳಾದರೂ ಆರಾಮವಾಗಿ ಕೂತು ಇಂಗ್ಲಿಷ್ ಮಾತಾಡಬೇಕು ಎಂಬುದು ಮಾವನ ಜೀವಮಾನದ ಆಸೆ. ಆದರೆ ಅಲ್ಲಿ ಮಗುವಿನ ಜೊತೆ ಅಪ್ಪನಿಗೂ ಪರೀಕ್ಷೆ! ಹೆಡ್‌ಮಿಸ್ಟ್ರೆಸ್ 'ಸಿಟ್ ಡೌನ್' ಎಂದರು. ಮಾವ ಕೂತ, ಇಂಗ್ಲಿಷ್ ಮಾಯ! ಎದ್ದ, ಉತ್ತರ ಬಂತು. ಮತ್ತೆ ಸಿಟ್ ಡೌನ್, ಮತ್ತೆ ಮಾಯ! ಇದೇನು ಸಂದರ್ಶನವೋ, ಡ್ರಿಲ್ಲೋ? ಕೊನೆಗೆ ಮಗಳ ಹೆಸರು ಕೇಳಿದರೆ ಆ ಪುಟ್ಟಿ ಕುರ್ಚಿಯ ಮೇಲೇ ಹತ್ತಿ ನಿಂತು ಹೇಳಿತಂತೆ! ಹೆಡ್‌ಮಿಸ್ಟ್ರೆಸ್ ನಗುತ್ತಲೇ ಸೇರಿಸಿಕೊಂಡರು.

ಅವಳು ಕಾಲೇಜು ಸೇರಿದ ವರ್ಷ ಮಾವ ಅಂಗಡಿಯ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ದೊಡ್ಡಾಸ್ಪತ್ರೆಯಲ್ಲಿ ನಾನೂ ಇದ್ದೆ. ಕೇರಳದ ಹೊಸ ಡಾಕ್ಟರು, ಕನ್ನಡ ಬಾರದು. ನೋವು ಎಲ್ಲಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಾವ ಮೊಣಕೈ ಊರಿ ಏಳಲು ನೋಡಿದ. ಆಗಲಿಲ್ಲ. ಮತ್ತೆ ನೋಡಿದ. ಬೆವರು ಇಳಿಯಿತೇ ಹೊರತು ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ಈ ಮಾವನನ್ನು ಕಂಡು ನಗುವುದಷ್ಟೇ ಗೊತ್ತಿದ್ದ ನನಗೆ ಅಂದು ನಗು ಬರಲಿಲ್ಲ.

ಪಕ್ಕದ ಸ್ಟೂಲಿನಲ್ಲಿ ಮಗಳು ಕೂತಿದ್ದಳು. ಈಗ ಕೂತು, ಮಲಗಿ, ಹೇಗೆ ಬೇಕಾದರೂ ಇಂಗ್ಲಿಷ್ ಮಾತಾಡುವ ಹುಡುಗಿ. ಆದರೂ ಎದ್ದಳು. ಅಪ್ಪನ ಭುಜ ಹಿಡಿದು ಮೆಲ್ಲಗೆ ದಿಂಬಿಗೆ ಒರಗಿಸಿದಳು.

"ನೀ ಮಲ್ಕೊ ಅಪ್ಪಾ," ಎಂದಳು, "ನಾ ನಿಂತ್ಕಳ್ತೆ."