ವಾಲ್‌ಪೇಪರಿನಲ್ಲಿ ವಿನ್ಸೆಂಟ್ ಚೇಟ್ಟನ್

ಎಲ್ಲ ರಗಳೆಗೂ ಕಾರಣ ಒಂದೇ. ಫೋಟೋ ಬಹಳ ಅಗಲವಾಗಿತ್ತು, ಪರದೆ ಅಷ್ಟು ಅಗಲ ಇರಲಿಲ್ಲ.

ಕೇರಳದ ಎಡಪ್ಪಳ್ಳಿಯ ಒಂದು ಕಚೇರಿಯವರು ಆಸ್ಪತ್ರೆಗಳಿಗೆ ಟೋಕನ್ ಪರದೆ ಮಾಡಿಕೊಡುತ್ತಿದ್ದರು. 'ಟೋಕನ್ ನಲವತ್ತೇಳು, ಕೋಣೆ ಆರು' ಎಂದು ಗೋಡೆಯ ಮೇಲೆ ಮಿನುಗಿ, ಕಾದು ಕಾದು ತೂಕಡಿಸುವವರನ್ನು ಎಬ್ಬಿಸುತ್ತದಲ್ಲ, ಅಂಥವು. ಅವು ಕೆಟ್ಟರೆ ಸರಿಮಾಡಲು ಓಡುವವನು ಶ್ರೀಕಂಠ. ಬದಿಯಡ್ಕದ ಕಡೆಯವನು, ವಯಸ್ಸು ಮೂವತ್ತರ ಹತ್ತಿರ. ಪಕ್ಕದಲ್ಲಿ ಯಾರಾದರೂ ಕೆಮ್ಮಿದರೂ ತನ್ನಿಂದಲೇ ಏನೋ ತಪ್ಪಾಯಿತೆಂದು ತಿರುಗಿ ನೋಡುವ ಸ್ವಭಾವ.

ಮದುವೆಯಾಗಿ ಹದಿನಾಲ್ಕು ತಿಂಗಳಾಗಿತ್ತು. ಹೆಂಡತಿ ಗೌರಿ ತಿರುವನಂತಪುರದಲ್ಲಿ ನರ್ಸಿಂಗ್ ಸ್ನಾತಕೋತ್ತರ ಓದುತ್ತ ಉಳ್ಳೂರಿನ ಹಾಸ್ಟೆಲಿನಲ್ಲಿದ್ದಳು. ಇವನು ಶನಿವಾರ ಸಂಜೆ ರೈಲು ಹತ್ತಿ, ಭಾನುವಾರ ಅವಳ ಜೊತೆ ಊಟ ಮಾಡಿ, ಮತ್ತೆ ರೈಲು ಹತ್ತುತ್ತಿದ್ದ. ಕಂಪನಿಯ ಪ್ರಧಾನ ಕಚೇರಿ ಇದ್ದದ್ದೂ ತಿರುವನಂತಪುರದಲ್ಲೇ. ಅಲ್ಲೊಂದು ಜಾಗ ಖಾಲಿಯಾಗಿದೆ ಎಂದು ಗೊತ್ತಾದ ದಿನವೇ ಶಾಖೆಯ ಮ್ಯಾನೇಜರ್ ಪಂಕಜಾ ಮೇಡಂ ಕೈಗೆ ವರ್ಗಾವಣೆಯ ಅರ್ಜಿ ಕೊಟ್ಟಿದ್ದ. ಇವತ್ತು ಸಂಜೆ ನಾಲ್ಕಕ್ಕೆ ನಿರ್ದೇಶಕಿ ಸುಮಿತ್ರ ಮೇಡಂ ಅಲ್ಲಿಂದ ಬರುವವರಿದ್ದರು. ವಿನ್ಸೆಂಟ್ ಚೇಟ್ಟನ್‌ಗೆ ಬೀಳ್ಕೊಡುಗೆ, ಜೊತೆಗೆ ಅರ್ಜಿಯ ತೀರ್ಮಾನ.

ಎಲ್ಲರೂ ಚೇಟ್ಟನ್, ಅಂದರೆ ಅಣ್ಣ, ಎಂದು ಕರೆಯುತ್ತಿದ್ದ ವಿನ್ಸೆಂಟ್ ಆ ಶಾಖೆಯ ಮೊದಲ ನೌಕರ. ಇಪ್ಪತ್ತೆರಡು ವರ್ಷ ಬೆಳಿಗ್ಗೆ ಬಾಗಿಲು ತೆರೆದವರು, ಸಂಜೆ ದೀಪ ಆರಿಸಿ ಬೀಗ ಹಾಕಿದವರು. ಅವರ ನೆನಪಿಗೆಂದು ಕಳೆದ ವಾರ ಹನ್ನೆರಡು ಮಂದಿಯೂ ಹೊರಗಿನ ಓಣಿಯಲ್ಲಿ ಒಂದೇ ಸಾಲಿನಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದರು. ಅದನ್ನು ಕಚೇರಿಯ ಹಾಲ್‌ನಲ್ಲಿದ್ದ ದೊಡ್ಡ ಪರದೆಗೆ ವಾಲ್‌ಪೇಪರ್ ಮಾಡುವ ಯೋಚನೆ ಶ್ರೀಕಂಠನದೇ. ಬೆಳಿಗ್ಗೆ ಬಂದವನೇ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ಸೊಂಟಕ್ಕೆ ಕೈಕೊಟ್ಟು ನೋಡಿದ. ಪರದೆ ತುಂಬ ಜನ. ಮದುವೆಮನೆಯ ಹಾಗೆ ಕಳೆಕಳೆಯಾಗಿತ್ತು.

ಹಿಂದಿನಿಂದ ಕುಂಬಳೆಯ ಮೋಹಿನಿ ಬಂದಳು. ಕಚೇರಿಯಲ್ಲಿ ಅವನ ಜೊತೆ ಕನ್ನಡ ಆಡುವವಳು ಅವಳೊಬ್ಬಳೇ. ಅದರ ಲಾಭ ತೆಗೆದುಕೊಂಡು ದಿನಕ್ಕೆ ನಾಲ್ಕು ತಪ್ಪನ್ನಾದರೂ ಕನ್ನಡದಲ್ಲೇ ತೋರಿಸಿಕೊಡುತ್ತಿದ್ದಳು.

"ಶ್ರೀಕಂಠ, ಇದರಲ್ಲಿ ಹನ್ನೊಂದೇ ಜನ ಕಾಣುವುದಲ್ಲವಾ? ವಿನ್ಸೆಂಟ್ ಚೇಟ್ಟನ್ ಎಲ್ಲಿ?"

ಶ್ರೀಕಂಠ ಎಣಿಸಿದ. ಹನ್ನೊಂದೇ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೊನೆಗೆ ತಾವು ಎಡತುದಿಗೆ ಹೋಗಿ ನಿಂತಿದ್ದರು ಚೇಟ್ಟನ್. ಪರದೆ ತುಂಬಲೆಂದು ಕಂಪ್ಯೂಟರ್ ಚಿತ್ರವನ್ನು ಹಿಗ್ಗಿಸಿ, ಎರಡು ಬದಿಯಲ್ಲಿ ಹೆಚ್ಚಾದದ್ದನ್ನು ಕತ್ತರಿಸಿತ್ತು. ಬಲಬದಿಯಲ್ಲಿ ಹೋದದ್ದು ಅರ್ಧ ನೀರಿನ ಕ್ಯಾನು. ಎಡಬದಿಯಲ್ಲಿ ಹೋದದ್ದು ಯಾರಿಗಾಗಿ ಫೋಟೋ ತೆಗೆದಿದ್ದರೋ ಅವರೇ.

ಅಷ್ಟರಲ್ಲಿ ತಮ್ಮದೇ ಬೀಳ್ಕೊಡುಗೆಗೆ ಕುರ್ಚಿ ಜೋಡಿಸುತ್ತ ಚೇಟ್ಟನ್ ಅಲ್ಲಿಗೇ ಬಂದರು. ಕನ್ನಡಕ ಸರಿಮಾಡಿಕೊಂಡು ಪರದೆಯ ಎಡ ಅಂಚನ್ನು ನೋಡಿದರು.

"ಸಾರಮಿಲ್ಲ ಮೋನೇ," ಪರವಾಗಿಲ್ಲ ಮಗನೇ ಎಂದು ಮಲಯಾಳದಲ್ಲಿ ಸಮಾಧಾನ ಹೇಳಿದರು. "ಆ ಮೊಣಕೈ ನನ್ನದೇ. ಅಂಗಿಯಿಂದ ಗುರುತು ಸಿಕ್ಕಿತು."

ಹೀಗೆ ಹೇಳಿ ನಕ್ಕು ಮತ್ತೆ ಕುರ್ಚಿ ಎತ್ತಿಕೊಂಡರು. ಬೈದಿದ್ದರೆ ಶ್ರೀಕಂಠನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಅವನು ಕೂಡಲೇ ಸೆಟ್ಟಿಂಗ್ ಬದಲಾಯಿಸಿದ. ಇಡೀ ಫೋಟೋ ಕಾಣುವ ಹಾಗೆ ಕುಗ್ಗಿಸಿದ. ಹನ್ನೆರಡು ಮಂದಿಯೂ ಬಂದರು. ಜೊತೆಗೆ ಮೇಲೊಂದು, ಕೆಳಗೊಂದು ದಪ್ಪ ಕಪ್ಪು ಪಟ್ಟಿಯೂ ಬಂತು.

"ಎಂತ ಮಾರಾಯ ಇದು, ಪೇಪರಿನ ಚರಮವಾರ್ತೆಯ ಪುಟದ ಹಾಗೆ!" ಎಂದಳು ಮೋಹಿನಿ. "ರಿಟೈರ್ ಆಗುವವರಿಗೆ ಇದನ್ನಾ ತೋರಿಸುವುದು?"

ಪಟ್ಟಿಯ ಬಣ್ಣ ಬದಲಾಯಿಸಬಹುದಿತ್ತು. ಶ್ರೀಕಂಠ ಕೆಂಪು ಹಾಕಿದ. ಅತ್ತ ಹೋಗುತ್ತಿದ್ದ ಒಬ್ಬ ಮುಷ್ಟಿ ಎತ್ತಿ ಘೋಷಣೆ ಕೂಗಿ ಹೋದ. ಹಸಿರು ಹಾಕಿದ. ಇನ್ನೊಬ್ಬ ಬಂದು, "ಪಕ್ಷಕ್ಕೆ ಯಾವಾಗ ಸೇರಿದಿರಿ? ಹೇಳಲೇ ಇಲ್ಲ!" ಎಂದು ಬೆನ್ನು ತಟ್ಟಿದ. ಕೇಸರಿಯ ಮೇಲೆ ಮೌಸಿನ ಬಾಣ ಇಡುವ ಮೊದಲೇ ಪಂಕಜಾ ಮೇಡಂ ಕೋಣೆಯಿಂದ, "ಆಫೀಸಿನಲ್ಲಿ ರಾಜಕೀಯ ಬೇಡ!" ಎಂದು ಕೂಗಿದರು. ಕೇರಳದಲ್ಲಿ ಯಾವ ಪಕ್ಷವೂ ಹಿಡಿಯದೆ ಬಿಟ್ಟ ಬಣ್ಣ ಯಾವುದೆಂದು ಹುಡುಕಿ ಹುಡುಕಿ ಅವನು ಕೊನೆಗೆ ಬೂದು ಹಾಕಿದ.

"ಬೂದಿಯಾ?" ಮೋಹಿನಿ ಕಣ್ಣರಳಿಸಿದಳು. "ಅದು ಚರಮದ ಮುಂದಿನ ಹಂತ."

ಉಳಿದದ್ದು ಚಿತ್ರವನ್ನು ಎಳೆದು ಪರದೆಗೆ ಹೊಂದಿಸುವುದು. ಎಳೆದ. ಪಟ್ಟಿ ಹೋಯಿತು, ಹನ್ನೆರಡು ಮಂದಿಯೂ ಉಳಿದರು. ಆದರೆ ಎಲ್ಲರೂ ಉದ್ದಕ್ಕೆ ಬೆಳೆದು, ಅಗಲದಲ್ಲಿ ಅರ್ಧಕ್ಕರ್ಧ ಸೊರಗಿದ್ದರು. ನಾಲ್ಕು ತಿಂಗಳಿಂದ ಬೆಳಗಿನ ನಡಿಗೆಗೆ ಹೋಗುತ್ತಿದ್ದ ಪಂಕಜಾ ಮೇಡಂ ಹೊರಗೆ ಬಂದು ನೋಡಿ ಮುಖ ಅರಳಿಸಿದರು.

"ಇದು ಬಹಳ ಸಹಜವಾಗಿದೆ ಶ್ರೀಕಂಠ. ಹೀಗೇ ಇರಲಿ."

"ಮೇಡಂ, ಚೇಟ್ಟನನ್ನು ನೋಡಿ," ಎಂದಳು ಚಿತ್ರಗಳ ಕೆಲಸ ಮಾಡುವ ಅನ್ವಿತಾ. ಮೊದಲೇ ಕೊಡೆಯ ಕಡ್ಡಿಯಂತಿದ್ದ ವಿನ್ಸೆಂಟ್ ಚೇಟ್ಟನ್ ಈಗ ಮಾವಿನಕಾಯಿ ಕೀಳುವ ದೋಟಿಯಾಗಿದ್ದರು. "ಡೈರೆಕ್ಟರ್ ಮೇಡಂ ನೋಡಿದರೆ ಇಲ್ಲಿ ಯಾರಿಗೂ ಊಟಕ್ಕೆ ಬಿಡುವುದಿಲ್ಲ ಎಂದುಕೊಳ್ಳುತ್ತಾರೆ."

ಪಂಕಜಾ ಮೇಡಂ ತಮ್ಮ ಚಿತ್ರವನ್ನು ಇನ್ನೊಮ್ಮೆ ಕಣ್ತುಂಬ ನೋಡಿಕೊಂಡು, "ಹಾಗಾದರೆ ಬೇಡ," ಎಂದು ನಿಟ್ಟುಸಿರು ಬಿಟ್ಟರು.

ಮಧ್ಯಾಹ್ನ ಎರಡಾಯಿತು. ಶ್ರೀಕಂಠ ಊಟದ ಡಬ್ಬಿ ತೆರೆದಿರಲಿಲ್ಲ. ಆಗ ಅವನಿಗೆ ಹೊಳೆದದ್ದು ಸ್ಕ್ರೀನ್‌ಸೇವರ್. ಸಾಲು ಫೋಟೋದ ಗೊಡವೆಯೇ ಬೇಡ. ಚೇಟ್ಟನ್ ಒಬ್ಬರೇ ಇರುವ, ಕಳೆದ ಓಣಂ ದಿನ ಹೂವಿನ ರಂಗೋಲಿಯ ಹತ್ತಿರ ತೆಗೆದ ಚಿತ್ರವನ್ನು ಹಾಕಿಬಿಡೋಣ ಎಂದುಕೊಂಡ. ಹಾಕಿ, ಅವರನ್ನೇ ಕರೆದು ಪರದೆಯ ಮುಂದೆ ಕೂರಿಸಿದ.

"ಐದು ನಿಮಿಷ ಯಾರೂ ಮುಟ್ಟಬಾರದು ಚೇಟ್ಟಾ. ತಾನಾಗಿ ಬರುತ್ತದೆ."

ಇಬ್ಬರೂ ಪ್ರಸಾದಕ್ಕೆ ಕಾಯುವವರಂತೆ ಕೂತರು. ನಾಲ್ಕು ನಿಮಿಷವಾದಾಗ ಪಂಕಜಾ ಮೇಡಂ ಬಂದು, "ಇದು ಯಾಕೆ ಹೀಗೆ ನಿಂತಿದೆ?" ಎಂದು ಮೌಸ್ ಅಲುಗಾಡಿಸಿ ಹೋದರು. ಮತ್ತೆ ಐದು ನಿಮಿಷ ಕಾದರು. ಕೊನೆಗೂ ಪರದೆ ಕತ್ತಲಾಗಿ, ಹೂಗಳ ನಡುವೆ ಬಿಳಿ ಪಂಚೆಯುಟ್ಟ ವಿನ್ಸೆಂಟ್ ಚೇಟ್ಟನ್ ಮೂಡಿದರು. ಚೇಟ್ಟನ್ ಸಂತೋಷದಿಂದ ಹತ್ತಿರ ಹೋಗಿ ಮೇಜಿನ ಮೇಲೆ ಕೈಯೂರಿದರು. ಮೌಸ್ ಅಲುಗಿತು. ಅವರು ಮಾಯವಾದರು.

"ಇದು ವಾಲ್‌ಪೇಪರಿನ ಹಾಗಲ್ಲ," ಶ್ರೀಕಂಠ ತಡವರಿಸಿದ. "ಅದು ಗೋಡೆಗೆ ಬಳಿದ ಬಣ್ಣದ ಹಾಗೆ, ಕೆಲಸ ನಡೆಯುವಾಗಲೂ ಹಿಂದೆ ಇರುತ್ತದೆ. ಇದು ಯಂತ್ರ ಸುಮ್ಮನೆ ಇದ್ದಾಗ ಮಾತ್ರ."

"ಅಂದರೆ ಯಾರೂ ಕೆಲಸ ಮಾಡದಿದ್ದಾಗ ನಾನು ಕಾಣುತ್ತೇನೆ. ಯಾರಾದರೂ ಕೆಲಸಕ್ಕೆ ಕೈಹಾಕಿದರೆ ನಾನಿಲ್ಲ." ಚೇಟ್ಟನ್ ನಕ್ಕರು. "ಇಪ್ಪತ್ತೆರಡು ವರ್ಷ ಇಲ್ಲಿ ಅದರ ಉಲ್ಟಾ ಇತ್ತು ಮೋನೇ."

ಅವರು ಬಲೂನು ಕಟ್ಟಲು ಹೋದರು. ಶ್ರೀಕಂಠ ಅಲ್ಲೇ ಕೂತ. ರಜೆಯ ದಿನ ಕಾಣಿಸಿಕೊಂಡು, ಕೆಲಸ ಶುರುವಾಗುತ್ತಲೇ ಇಲ್ಲವಾಗುವ ಮನುಷ್ಯ ಉಳ್ಳೂರಿನ ಒಂದು ಹಾಸ್ಟೆಲಿನ ಬಾಗಿಲಿಗೂ ಗೊತ್ತಿದ್ದ. ಹಾಗೆ ಬಂದು ಹಾಗೆ ಹೋಗುವುದು ಎಷ್ಟು ಬೇಸರವೆಂದು ಹದಿನಾಲ್ಕು ತಿಂಗಳಿಂದ ಅವನಿಗೆ ತಿಳಿದಿತ್ತು. ಈ ಹಿರಿಯರನ್ನು ಇವತ್ತು ಹಾಗೆ ಕಳಿಸಬಾರದು ಅನ್ನಿಸಿತು.

ಎದ್ದು ಅನ್ವಿತಾಳ ಬಳಿ ಹೋದ. "ತುದಿಯಲ್ಲಿರುವ ಚೇಟ್ಟನನ್ನು ಕತ್ತರಿಸಿ ನಡುವೆ ತಂದು ಕೂರಿಸಲಿಕ್ಕಾಗುತ್ತದಾ?"

"ಆಗುತ್ತದೆ. ಆದರೆ ಎಲ್ಲರೂ ಬಾಳೆಗೊನೆಯ ಹಾಗೆ ಅಂಟಿಕೊಂಡು ನಿಂತಿದ್ದೀರಿ. ನಡುವೆ ಒಬ್ಬರು ಬರಬೇಕಾದರೆ ಒಬ್ಬರು ಹೋಗಬೇಕು." ಅನ್ವಿತಾ ತಿರುಗಿ ಎಲ್ಲರಿಗೂ ಕೇಳುವಂತೆ ಕೇಳಿದಳು, "ಯಾರನ್ನು ತೆಗೆಯಲಿ?"

ಮೋಹಿನಿ ಮೇಜಿನ ಕೆಳಗೆ ಬಗ್ಗಿ ಬೀಳದ ಪಿನ್ನು ಹುಡುಕತೊಡಗಿದಳು. ಪಂಕಜಾ ಮೇಡಂ ರಿಂಗಾಗದ ಫೋನನ್ನು ಕಿವಿಗೆ ಹಿಡಿದು, "ಹಲೋ, ಹೇಳಿ ಹೇಳಿ," ಎನ್ನುತ್ತ ಒಳಗೆ ನಡೆದರು. ಉಳಿದವರ ಬೆರಳುಗಳು ಕೀಬೋರ್ಡಿನ ಮೇಲೆ ಆಲಿಕಲ್ಲು ಮಳೆ ಸುರಿಸಿದವು.

"ನನ್ನನ್ನೇ ತೆಗೆ," ಎಂದ ಶ್ರೀಕಂಠ. "ನಾನು ಹೇಗೂ ಮುಂದಿನ ತಿಂಗಳು ಇಲ್ಲಿ ಇರುವುದಿಲ್ಲವಲ್ಲ."

ಹೇಳಿದ ಮೇಲೆ ಮನಸ್ಸು ಹಗುರವಾಯಿತು. ಇಪ್ಪತ್ತು ನಿಮಿಷದಲ್ಲಿ, ಸಾಲಿನ ನಡುವೆ ಪಂಕಜಾ ಮೇಡಂ ಪಕ್ಕದಲ್ಲಿದ್ದ ಶ್ರೀಕಂಠ ಹೋಗಿ ವಿನ್ಸೆಂಟ್ ಚೇಟ್ಟನ್ ಬಂದರು. ಅಂಚಿನಲ್ಲಿ ಕತ್ತರಿಸಲು ಈಗ ಖಾಲಿ ಗೋಡೆ ಬಿಟ್ಟು ಯಾರೂ ಇರಲಿಲ್ಲ. ಪರದೆ ಸರಿಯಾಗಿ ತುಂಬಿತು. ನೆಲದ ಮೇಲೆ ಶ್ರೀಕಂಠನ ನೆರಳು ಮಾತ್ರ ಉಳಿದುಬಿಟ್ಟಿತ್ತು. ಅದನ್ನು ಅಳಿಸುವಷ್ಟು ಹೊತ್ತಿರಲಿಲ್ಲ, ಸುಮಿತ್ರ ಮೇಡಂ ಬಂದೇಬಿಟ್ಟಿದ್ದರು.

ಚೇಟ್ಟನ್ ಕೇಕಿನ ಚಾಕು ಹಿಡಿದು ಪರದೆಯತ್ತ ತಿರುಗಿದವರು ಹಾಗೇ ನಿಂತರು. ಕನ್ನಡಕ ತೆಗೆದು ಅಂಗಿಯಿಂದ ಒರೆಸಿದರು. ಮತ್ತೆ ಹಾಕಿಕೊಂಡರು. "ನಾನು ನಡುವೆ," ಎಂದರು, ಅಷ್ಟೇ. ಶ್ರೀಕಂಠನಿಗೆ ಬೆಳಗಿನಿಂದ ಪಟ್ಟ ಪಾಡೆಲ್ಲ ಸಾರ್ಥಕವೆನಿಸಿತು.

ಸುಮಿತ್ರ ಮೇಡಂ ಮಾತಿಗೆ ನಿಂತರು. ಚೇಟ್ಟನನ್ನು ಹೊಗಳಿದರು, ಶಾಲು ಹೊದೆಸಿದರು. ಆಮೇಲೆ ಬಹಳ ಹೊತ್ತು ಪರದೆಯನ್ನೇ ನೋಡಿದರು.

"ಪಂಕಜಾ, ನೀವೊಂದು ವರ್ಗಾವಣೆಯ ಅರ್ಜಿ ಕಳಿಸಿದ್ದಿರಿ. ಬೆಳಿಗ್ಗೆ ರೈಲು ಹತ್ತುವಾಗ ಒಪ್ಪಿಗೆ ಕೊಡುವುದೆಂದೇ ಇದ್ದೆ. ಆದರೆ ಈ ಚಿತ್ರ ನೋಡಿ! ಒಂದು ಮನೆಯವರ ಹಾಗೆ ನಿಂತಿದ್ದೀರಿ. ಇವತ್ತು ಒಬ್ಬರು ಹೋಗುತ್ತಿದ್ದಾರೆ, ಅಷ್ಟೇ ಸಾಕು. ಈ ಸಾಲಿನಿಂದ ಇನ್ನೊಬ್ಬರನ್ನು ಕಿತ್ತುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ. ಇಲ್ಲಿಂದ ಯಾರ ವರ್ಗಾವಣೆಯೂ ಇಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟುತ್ತಿದ್ದಾರಲ್ಲ ಎಂದು ಶ್ರೀಕಂಠನೂ ತಟ್ಟಿದ. ಅರ್ಥವಾಗುವ ಹೊತ್ತಿಗೆ ಅಂಗೈ ಕೆಂಪಾಗಿತ್ತು.

ವಿನ್ಸೆಂಟ್ ಚೇಟ್ಟನ್ ಮಾತ್ರ ಪರದೆಯನ್ನು ಒಂದೊಂದೇ ಮುಖವಾಗಿ ಎಣಿಸುತ್ತಿದ್ದರು. ಎಣಿಸಿ ಮುಗಿದಾಗ ಶ್ರೀಕಂಠನ ಕಡೆ ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ಮೇಲಿನವರೆದುರು ಬಾಯಿ ತೆರೆಯದಿದ್ದವರು ಅವತ್ತು ಎದ್ದು ನಿಂತರು.

"ಮೇಡಂ, ಕ್ಷಮಿಸಬೇಕು. ಅರ್ಜಿ ಈ ಶ್ರೀಕಂಠನದು. ಅವನು ಈ ಸಾಲಿನಲ್ಲೇ ಇಲ್ಲ, ನೋಡಿ. ನನ್ನನ್ನು ನಡುವೆ ತರಲು ತನ್ನನ್ನೇ ಅಳಿಸಿಕೊಂಡಿದ್ದಾನೆ. ಅವನ ಹೆಂಡತಿ ಉಳ್ಳೂರಿನಲ್ಲಿದ್ದಾಳೆ. ಅವನನ್ನು ಕಳಿಸಿದರೆ ಈ ಚಿತ್ರಕ್ಕೆ ಏನೂ ಕಡಿಮೆಯಾಗುವುದಿಲ್ಲ."

ಶ್ರೀಕಂಠ ಮುಂದಕ್ಕೆ ಬಗ್ಗಿದ. ಸುಮಿತ್ರ ಮೇಡಂ ಪರದೆಯನ್ನೂ ಅವನನ್ನೂ ಎರಡೆರಡು ಸಲ ನೋಡಿದರು. ಅವರ ಕಣ್ಣು ನಿಜವಾಗಿ ತೇವವಾಗಿತ್ತು.

"ಹೌದಾ? ಇನ್ನೊಬ್ಬರಿಗಾಗಿ ತನ್ನನ್ನು ಅಳಿಸಿಕೊಳ್ಳುವ ಮನುಷ್ಯ!" ಎಂದರು. "ವಿನ್ಸೆಂಟ್, ನಿಮ್ಮ ನಂತರ ಈ ಶಾಖೆಗೆ ಯಾರು ದಿಕ್ಕು ಎಂಬ ಚಿಂತೆ ನನಗಿತ್ತು. ನೀವೇ ತೋರಿಸಿಕೊಟ್ಟಿರಿ. ಇಂಥವನನ್ನು ಯಾರಾದರೂ ಬಿಟ್ಟುಕೊಡುತ್ತಾರಾ? ಕೊಡಿ, ಆ ಬೀಗದ ಕೈ ಕೊಡಿ."

ಚೇಟ್ಟನ್ ಸೊಂಟದ ಗೊಂಚಲು ಬಿಚ್ಚಿದರು. ಸುಮಿತ್ರ ಮೇಡಂ ಅದನ್ನು ಶ್ರೀಕಂಠನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಬೆಳಿಗ್ಗೆ ಎಂಟಕ್ಕೆ ತೆರೆಯಬೇಕು, ಶನಿವಾರವೂ ಸಂಜೆ ಎಲ್ಲರೂ ಹೋದ ಮೇಲೆ ಬೀಗ ಹಾಕಬೇಕು ಎಂದು ಪಂಕಜಾ ಮೇಡಂ ವಿವರಿಸಿದರು. ಅಂದರೆ ಶನಿವಾರದ ರೈಲೂ ತಪ್ಪಿತು. ಈ ಸಲದ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು.

ಎಲ್ಲರೂ ಹೊರಟ ಮೇಲೆ ಗೌರಿಯ ಫೋನ್ ಬಂತು.

"ಎಂತ ಆಯ್ತು? ಮೇಡಂ ಹತ್ತಿರ ಕೇಳಿದ್ರಾ?"

"ಹೇಳ್ತೇನೆ. ಫಂಕ್ಷನ್ ಚೆನ್ನಾಗಿ ಆಯ್ತು."

"ಬೆಳಿಗ್ಗೆಯಿಂದ ಆ ಫೋಟೋ ಫೋಟೋ ಅಂತಿದ್ರಲ್ಲ, ಕಳಿಸಿ ನೋಡುವ."

ಅವನು ಕಳಿಸಿದ. ಬೆರಳಿಂದ ಹಿಗ್ಗಿಸಿ ಒಬ್ಬೊಬ್ಬರನ್ನೇ ನೋಡುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು.

"ಭಾರೀ ಚಂದ ಬಂದಿದೆ," ಎಂದಳು ಗೌರಿ. "ಆದರೆ ನೀವೆಲ್ಲಿದ್ದೀರಿ?"

ಶ್ರೀಕಂಠ ಖಾಲಿ ಕಚೇರಿಯನ್ನು ಒಮ್ಮೆ ಸುತ್ತ ನೋಡಿದ.

"ಎಡಪ್ಪಳ್ಳಿಯಲ್ಲೇ ಇದ್ದೇನೆ ಮಾರಾಯ್ತಿ," ಎಂದ.